ಕಾಗದ ತೋರಿಸು

1948ರ ಜೂನ್ 22. ಎಂಪೈರ್ ವಿಂಡ್ರಶ್ ಎಂಬ ಹಡಗು ಲಂಡನ್ ಬಳಿಯ ಟಿಲ್ಬರಿ ಬಂದರಿನಲ್ಲಿ ಜಮೈಕಾ ಮೊದಲಾದ ದ್ವೀಪಗಳ ನೂರಾರು ಕರಿಯರನ್ನು ಇಳಿಸಿತು. ಹದಿಮೂರೇ ದಿನಕ್ಕೆ, ಜುಲೈ 5ಕ್ಕೆ, ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಕಾಯಿಲೆ ಬಿದ್ದವನ ಹತ್ತಿರ ದುಡ್ಡು ಕೇಳೋ ಹಾಗಿಲ್ಲ.

ಈ ಎರಡು ತಾರೀಖುಗಳನ್ನು ಒಟ್ಟಿಗೇ ಓದಬೇಕು ಗೆಳೆಯರೇ. ಹೊಸ ಆಸ್ಪತ್ರೆ ವ್ಯವಸ್ಥೆಗೆ ಕೈಗಳು ಸಾಲಲಿಲ್ಲ. ಮಲ ಬಳಿಯಲು, ರಾತ್ರಿ ಪಾಳಿ ಕಾಯಲು ಕೆರಿಬಿಯನ್ ಹೆಣ್ಣುಮಕ್ಕಳನ್ನು ಕರೆಸಿಕೊಂಡರು. 1960ರಿಂದ 63ರವರೆಗೆ ಆರೋಗ್ಯ ಮಂತ್ರಿಯಾಗಿದ್ದವನು ಈನಾಕ್ ಪೊವೆಲ್. ಹೊರನಾಡಿನ ಡಾಕ್ಟರು, ನರ್ಸುಗಳ ದುಡಿಮೆಯ ಮೇಲೇ ಅವನ ಆಸ್ಪತ್ರೆಗಳು ನಡೆದವು. 1968ರಲ್ಲಿ ಅದೇ ಬಾಯಿ ವಲಸಿಗರಿಂದ ದೇಶ ಹಾಳಾಗ್ತದೆ ಅಂತ ವಿಷ ಕಾರಿತು!

ಹೊರಗಿನವರಿಂದ ಹಣ ಕೀಳುವ ಅಧಿಕಾರ 1949ರಲ್ಲೇ ಕಾನೂನಿಗೆ ಸೇರಿತ್ತು. ಆದರೆ ಈ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್, ಗಣಿ ಕಾರ್ಮಿಕನ ಮಗ, 1952ರಲ್ಲಿ ಕೇಳಿದ್ದು ಸರಳ ಪ್ರಶ್ನೆ: ಪರದೇಶಿ ಯಾರು ಅಂತ ಪತ್ತೆ ಹಚ್ಚಬೇಕಾದರೆ ಎಲ್ಲರೂ ಗುರುತಿನ ಚೀಟಿ ಹೊತ್ತು ತಿರುಗಬೇಕಲ್ಲ? ಮೂವತ್ತಮೂರು ವರ್ಷ ಆ ಅಧಿಕಾರ ಹಾಳೆಯ ಮೇಲೇ ಮಲಗಿತ್ತು. 1982ರಲ್ಲಿ ಎಬ್ಬಿಸಿದರು.

2012ರಲ್ಲಿ ಗೃಹಮಂತ್ರಿ ತೆರೇಸಾ ಮೇ ಅಕ್ರಮ ವಲಸಿಗರಿಗೆ ಹಗೆತನದ ವಾತಾವರಣ ನಿರ್ಮಿಸುತ್ತೇನೆ ಅಂದರು. ಬಾಯ್ತಪ್ಪಿ ಆಡಿದ್ದಲ್ಲ, ಅದೇ ಸರ್ಕಾರದ ನೀತಿ. 2017ರ ಅಕ್ಟೋಬರಿನಿಂದ, ತುರ್ತಲ್ಲದ ಚಿಕಿತ್ಸೆಗೆ ಆಸ್ಪತ್ರೆಗಳು ಮೊದಲೇ ಹಣ ಕಟ್ಟಿಸಿಕೊಳ್ಳಬೇಕಾಯಿತು. ಅದೂ ಖರ್ಚಿನ ಒಂದೂವರೆ ಪಟ್ಟು. ಹೆರಿಗೆಗೆ ಬಂದವಳನ್ನು ವಾಪಸು ಕಳಿಸುವಂತಿಲ್ಲ. ಬಿಲ್ಲು ಮಾತ್ರ ಹಿಂದೆಯೇ ಬರ್ತದೆ. ಸಾಲ ಉಳಿದರೆ ಹೆಸರು ಗೃಹ ಇಲಾಖೆಗೆ. ಹೀಗಿರುವಾಗ ಕಾಗದವಿಲ್ಲದ ಬಸುರಿ ಆಸ್ಪತ್ರೆ ಮೆಟ್ಟಿಲು ಹತ್ತಲು ಹೆದರದೆ ಇನ್ನೇನು ಮಾಡಿಯಾಳು?

ಬಲೆ ಬಿದ್ದದ್ದು ಯಾರ ಮೇಲೆ? ಅಪ್ಪ ಅಮ್ಮನ ಪಾಸ್‌ಪೋರ್ಟಿನಲ್ಲಿ ಮಕ್ಕಳಾಗಿ ಬಂದವರ ಮೇಲೂ ಬಿತ್ತು. 1973ಕ್ಕೆ ಮುಂಚೆ ಬಂದು ನೆಲೆಸಿದವರಿಗೆ ಉಳಿಯುವ ಹಕ್ಕನ್ನು 1971ರ ಕಾನೂನೇ ಕೊಟ್ಟಿತ್ತು. ಹಕ್ಕು ಕೊಟ್ಟರು, ಚೀಟಿ ಕೊಡಲಿಲ್ಲ. ಅವರು ಬಂದಿಳಿದ ದಿನದ ಹಳೇ ಕಾರ್ಡುಗಳನ್ನು 2010ರಲ್ಲಿ ಗೃಹ ಇಲಾಖೆಯೇ ನಾಶ ಮಾಡಿಸಿತು. ಆಮೇಲೆ ಸಾಕ್ಷಿ ತಾ ಅಂದಿತು. ದಶಕಗಟ್ಟಲೆ ದುಡಿದು ತೆರಿಗೆ ಕಟ್ಟಿದ, ಕ್ಯಾನ್ಸರ್ ಹಿಡಿದ ಒಬ್ಬ ಮನುಷ್ಯನಿಗೆ 54,000 ಪೌಂಡ್ ತಂದರೆ ಚಿಕಿತ್ಸೆ ಅಂದರು. ಪತ್ರಿಕೆಗಳು ಬೊಬ್ಬೆ ಹಾಕಿದ ಮೇಲೆ ತೆಪ್ಪಗೆ ಚಿಕಿತ್ಸೆ ಕೊಟ್ಟರು. ಬೊಬ್ಬೆ ಹಾಕುವವರಿಲ್ಲದವರ ಲೆಕ್ಕ ಇಟ್ಟವರು ಯಾರು?

2018ರ ಏಪ್ರಿಲಿನಲ್ಲಿ, ಅಷ್ಟರಲ್ಲಿ ಪ್ರಧಾನಿಯಾಗಿದ್ದ ಮೇ ಕ್ಷಮೆ ಕೇಳಿದರು. ಗೃಹಮಂತ್ರಿ ಆಂಬರ್ ರಡ್ ರಾಜೀನಾಮೆ ಕೊಟ್ಟರು. ಮೊದಲೇ ಹಣ ಕೇಳುವ ನಿಯಮವನ್ನು ಯಾರೂ ತೆಗೆಯಲಿಲ್ಲ.