ಶ್ರೀತಾಳೆ: ಹೆಸರಿನ ಚರಿತ್ರೆ

ನಮ್ಮ ರಾಯದುರ್ಗ, ಮಡಕಶಿರಾ ಸೀಮೆಯ ಬಾಲಕರಿಗೆ ಈಚಲ ಮರವನ್ನು ಯಾರೂ ಪರಿಚಯಿಸಬೇಕಾದುದಿಲ್ಲ. ಮನೆಯಲ್ಲಿ ಅದನ್ನು ಈಚಲೆಂದೂ ಪೇಟೆಯಲ್ಲಿ ಈತ ಎಂದೂ ಕೇಳಿ, ಎರಡೂ ಒಂದೇ ಎಂದು ಅವರು ತಾವಾಗಿಯೇ ತಿಳಿಯುತ್ತಾರೆ. ಆದರೆ ಶ್ರೀತಾಳೆಯೆಂದರೆ ತರಗತಿ ಮೌನವಾಗುತ್ತದೆ. ಕನ್ನಡದ ಗ್ರಂಥಗಳನ್ನು ತನ್ನ ಗರಿಯ ಮೇಲೆ ಹೊತ್ತು ತಂದ ಮರಗಳಲ್ಲಿ ಅದೂ ಒಂದು. ಅಪೂರ್ವವಾದ ತಾಳೆಯೊಂದನ್ನು ಹಿತ್ತಿಲಿಗೆ ತರಬೇಕೆನ್ನುವವರು ಮೊದಲು ಅದರ ಹೆಸರನ್ನು ಅರಿಯಬೇಕೆಂಬುದು ನಮ್ಮ ಅಭಿಪ್ರಾಯ.

ಓಲೆಯೆಂದರೆ ಗರಿ, ಓಲೆಯೆಂದರೆ ಪತ್ರವೂ ಹೌದು. ಇಂದು ಕಾಗದದಲ್ಲಿ ಅಚ್ಚಾಗುವ ಮದುವೆಯ ಕರೆಯೋಲೆಯಲ್ಲಿಯೂ ಆ ಮರದ ನೆನಪು ಉಳಿದಿದೆ. ಬರೆಯಲು ಗರಿ ಕೊಡುವ ಮರಗಳು ಎರಡು ಬಗೆಯವೆಂಬುದು ಪ್ರಾಚೀನರಿಗೆ ತಿಳಿದಿತ್ತು. ಕೌಟಿಲ್ಯನ ಅರ್ಥಶಾಸ್ತ್ರವು ಪತ್ರಗಳನ್ನು ಹೇಳುವಾಗ ತಾಲೀ, ತಾಲ, ಭೂರ್ಜಗಳನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. ಇವುಗಳಲ್ಲಿ ತಾಲಿಯನ್ನು ಶ್ರೀತಾಳೆಯೆಂದು ವಿದ್ವಾಂಸರು ಗುರುತಿಸುತ್ತಾರೆ. ಶತಮಾನಗಳ ಕಾಲ ಮರೆಯಾಗಿದ್ದ ಆ ಗ್ರಂಥವು ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದುದೂ ತಾಳೆಗರಿಯ ಪ್ರತಿಯಾಗಿಯೇ. ಅದು 1909ರಲ್ಲಿ ಮುದ್ರಣಗೊಂಡಿತು.

ಇನ್ನು ವಿಜ್ಞಾನದ ಹೆಸರು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡೆಯು ಮಲಬಾರಿನ ಸಸ್ಯಗಳನ್ನು ಕುರಿತು ಸಿದ್ಧಪಡಿಸಿದ ಹಾರ್ಟಸ್ ಮಲಬಾರಿಕಸ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರಬಂದಿತು. ಇಟ್ಟಿ ಅಚ್ಯುತನ್ ಎಂಬ ನಾಡವೈದ್ಯರ ತಿಳಿವಳಿಕೆಯೂ ಅದರಲ್ಲಿ ಸೇರಿದೆ. ಶ್ರೀತಾಳೆಗೆ ಅಲ್ಲಿರುವ ಹೆಸರು ಕೊಡಪ್ಪನ, ಅಂದರೆ ಕೊಡೆಯ ತಾಳೆ. 1753ರಲ್ಲಿ ಲಿನೇಯಸನು ಅದೇ ಮರವನ್ನು ಕೋರಿಫಾ ಅಂಬ್ರಾಕ್ಯುಲಿಫೆರಾ ಎಂದು ಕರೆದನು. ಎರಡನೆಯ ಪದಕ್ಕೆ ಕೊಡೆಯನ್ನು ಹೊತ್ತದ್ದು ಎಂದೇ ಅರ್ಥ. ಜನರ ಬಾಯಲ್ಲಿದ್ದ ಭಾವವೇ ಲ್ಯಾಟಿನ್ ಉಡುಪು ತೊಟ್ಟಿತು!

ಬೆಂಗಳೂರಿನ ಲಾಲ್‌ಬಾಗಿನ ಚರಿತ್ರೆಯಿಂದಲೂ ಇದೇ ಪಾಠವನ್ನು ಕಲಿಯಬಹುದು. ಹೈದರಾಲಿಯು 1760ರಲ್ಲಿ ಆರಂಭಿಸಿದ ತೋಟ ಅದು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅದರ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್ನರು ತೋಟದ ಹಾಗೂ ಸುತ್ತಣ ಸಸ್ಯಗಳ ಪಟ್ಟಿಯೊಂದನ್ನು 1891ರಲ್ಲಿ ಹೊರತಂದರು. ಗಿಡ ತರುವುದೊಂದು ಕೆಲಸವಾದರೆ, ತಂದುದನ್ನು ಹೆಸರಿಟ್ಟು ದಾಖಲಿಸುವುದು ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸ.

ಗುರುತಿಸುವ ಬಗೆ ಹೀಗಿದೆ. ಈಚಲಿನ ಗರಿ ತೆಂಗಿನದರಂತೆ ಉದ್ದಕ್ಕೆ ಸೀಳಿದ್ದು, ಬುಡದ ಎಸಳುಗಳು ಮುಳ್ಳಾಗಿರುತ್ತವೆ. ಬಗಿನೆಯ ಎಸಳು ಮೀನಿನ ಬಾಲದಂತಿರುತ್ತದೆ. ತಾಳೆ, ಶ್ರೀತಾಳೆಗಳೆರಡರದೂ ಬೀಸಣಿಗೆಯಂತಹ ಗರಿಯಾದುದರಿಂದ ಇಲ್ಲಿಯೇ ಮೋಸಹೋಗುವುದು. ತಾಳೆಯಲ್ಲಿ ಗಂಡು, ಹೆಣ್ಣು ಮರಗಳು ಬೇರೆ. ಹೆಣ್ಣು ಮರದ ಕಾಯಿ ದಪ್ಪನಾಗಿದ್ದು ಸಾಮಾನ್ಯವಾಗಿ ಒಳಗೆ ಮೂರು ಬೀಜಗಳಿರುತ್ತವೆ. ಶ್ರೀತಾಳೆಯ ಗರಿ ಸುಮಾರು 5 ಮೀಟರು ಅಗಲದವರೆಗೆ ಬೆಳೆಯುತ್ತದೆ. ಕಾಯಿ ಚಿಕ್ಕದು, ಒಂದೇ ಬೀಜ. ಸುಮಾರು 30ರಿಂದ 80 ವರ್ಷಗಳ ನಡುವೆ ಅದು ನೆತ್ತಿಯಲ್ಲಿ ಒಮ್ಮೆ ಮಾತ್ರ ಹೂಬಿಡುತ್ತದೆ. ಕಾಯಿ ಬಲಿಯಲು ಸುಮಾರು ಒಂದು ವರ್ಷ. ಬಳಿಕ ಮರ ಸಾಯುತ್ತದೆ. ಎಳೆಯ ಸಸಿಗಳನ್ನು ನೋಡಿ ಜಾತಿಯನ್ನು ಹೇಳುವುದು ಕಷ್ಟ. ಆದುದರಿಂದ ತಾಯಿಮರವನ್ನು ಕಂಡು, ಅದರ ಬಲಿತ ಬೀಜವನ್ನೇ ತರುವುದು ಮೇಲು. ಮೊಳಕೆ ಮೊದಲು ನೆಲದೊಳಕ್ಕೆ ಆಳವಾಗಿ ಇಳಿಯುವುದರಿಂದ, ಬೀಜವನ್ನು ನಿಂತ ಜಾಗದಲ್ಲಿಯೇ ಊರಬೇಕು. ನಮ್ಮಂತಹ ಬರಸೀಮೆಯಲ್ಲಿ ಎಳೆತನದಲ್ಲಿ ನೆರಳೂ ನೀರೂ ಬೇಕು; ಬೆಳೆದ ಮೇಲೆ ವಿಶಾಲವಾದ ಬಯಲು ಬೇಕು. ಇಕ್ಕಟ್ಟಿನ ಹಿತ್ತಿಲಿಗಿಂತ ಶಾಲೆಯ ಅಂಗಳವೇ ಅದಕ್ಕೆ ಲೇಸು.

ಕರಾವಳಿಯಲ್ಲಿ ಹೂಬಿಟ್ಟ ಶ್ರೀತಾಳೆಯನ್ನು ಅಪಶಕುನವೆಂದು ಬಗೆದು, ಬೀಜ ಬಲಿಯುವ ಮೊದಲೇ ಕಡಿದ ಪ್ರಸಂಗಗಳುಂಟು. ಜೀವಮಾನಕ್ಕೊಮ್ಮೆ ಬೀಜ ಕೊಡುವ ಮರವನ್ನು ಆಗ ಕಡಿದರೆ ಅದರ ಸಂತತಿಯೇ ಅಳಿದಂತೆ. ಅರಿಯದವನ ಕೈಯಲ್ಲಿ ಕೊಡಲಿ ಎಷ್ಟು ಹರಿತ!

ಭಾಷೆಯ ಗತಿಯೂ ಇದಕ್ಕಿಂತ ಬೇರೆಯಲ್ಲ. 1953ರಲ್ಲಿ ರಾಯದುರ್ಗವು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಡಿಗಳು ಬದಲಾದರೂ, ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಕನ್ನಡ ಶಾಸನಗಳು ಅಲ್ಲಿಯೇ ನಿಂತಿವೆ. ಕಲ್ಲು ತಾನಾಗಿ ಉಳಿಯುತ್ತದೆ. ಗರಿ ಉಳಿಯಬೇಕಾದರೆ ಪ್ರತಿ ಮಾಡುವ ಕೈ ಬೇಕು, ಹೆಸರು ಉಳಿಯಬೇಕಾದರೆ ಹೇಳಿಕೊಡುವ ಬಾಯಿ ಬೇಕು. ಶಾಲೆಯಂಗಳದಲ್ಲಿ ನಾವು ಊರುವ ಶ್ರೀತಾಳೆಯ ಹೂವನ್ನು ನಾವು ಕಾಣಲಾರೆವು. ಅದನ್ನು ಕಾಣುವ ಮಕ್ಕಳಿಗೆ ಕನ್ನಡದಲ್ಲಿ ಅದರ ಹೆಸರು ಗೊತ್ತಿದ್ದರೆ ನಮಗೆ ಅಷ್ಟೇ ಸಾಕು.