ಗೃಹಸ್ಥನ ಲೇತು

ಲೋಹವನ್ನು ತಿರುಗಿಸಿ ಕಡೆಯುವ ಲೇತು ಕಾರ್ಖಾನೆಯ ಸೊತ್ತೆಂದು ನಾವು ಭಾವಿಸುವುದು ವಾಡಿಕೆಯಾದರೂ, ಇಂಗ್ಲೆಂಡಿನಲ್ಲಿ ಕಡೆಯುವ ಯಂತ್ರವು ಬಹುಕಾಲದ ಹಿಂದೆಯೇ ಮನೆಯೊಳಗೆ ಕಾಲಿಟ್ಟಿದ್ದಿತು. 1790ರ ದಶಕದಲ್ಲಿ ಸ್ಟ್ರಾಸ್‌ಬರ್ಗಿನವನಾದ ಜಾನ್ ಜೇಕಬ್ ಹೋಲ್ಟ್ಸಾಫೆಲ್ ಲಂಡನ್ನಿನಲ್ಲಿ ನೆಲಸಿ, ಶ್ರೀಮಂತರ ವಿನೋದಕ್ಕೆಂದು ದಂತವನ್ನೂ ಗಟ್ಟಿಮರವನ್ನೂ ಅಲಂಕಾರವಾಗಿ ಕಡೆಯುವ ಲೇತುಗಳನ್ನು ನಿರ್ಮಿಸಿ ಮಾರುತ್ತಿದ್ದನು. ಅದೇ ನಗರದಲ್ಲಿ ಹೆನ್ರಿ ಮಾಡ್‌ಸ್ಲೆಯು 1800ರ ಸುಮಾರಿಗೆ, ಉಳಿಯನ್ನು ಕೈಯ ಚಾಂಚಲ್ಯದಿಂದ ಬಿಡಿಸಿ ಸರಿಯುವ ಪೀಠಕ್ಕೆ ಬಿಗಿದು, ಆ ಪೀಠವನ್ನು ಉದ್ದನೆಯ ತಿರುಪಿನಿಂದಲೂ ಹಲ್ಲುಗಾಲಿಗಳಿಂದಲೂ ನಡೆಸುವ ಲೇತನ್ನು ಸಿದ್ಧಪಡಿಸಿದನು.

ಧನಿಕರ ವಿನೋದವು ಸಾಮಾನ್ಯರ ಹವ್ಯಾಸವಾಗಲು ಒಂದು ಶತಮಾನ ಹಿಡಿಯಿತು. 1898ರಲ್ಲಿ ಪರ್ಸಿವಲ್ ಮಾರ್ಷಲ್ ಆರಂಭಿಸಿದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆಯು, ಬಿಡುವಿನ ವೇಳೆಯಲ್ಲಿ ಪುಟ್ಟ ಉಗಿಯಂತ್ರಗಳನ್ನು ಕಟ್ಟುವವರಿಗೆ ಮಾರ್ಗದರ್ಶಿಯಾಯಿತು. ನಾಟಿಂಗ್‌ಹ್ಯಾಮಿನ ಬಳಿಯ ಬೀಸ್ಟನ್ನಿನಲ್ಲಿ 1934ರಲ್ಲಿ ಹುಟ್ಟಿದ ಮೈಫರ್ಡ್ ಸಂಸ್ಥೆಯು 1946ರಲ್ಲಿ ಹೊರತಂದ ಎಂಎಲ್7 ಲೇತು ಅಂಥವರಿಗೆಂದೇ ಹೇಳಿ ಮಾಡಿಸಿದಂತಿದ್ದಿತು; ಮೋಟಾರು ಯಂತ್ರದ ಬೆನ್ನಿಗೇ ಕೂರುತ್ತಿದ್ದುದರಿಂದ ಸೂರಿನಡಿಯ ಷಾಫ್ಟು, ಬೆಲ್ಟುಗಳ ಗೊಡವೆಯಿರಲಿಲ್ಲ. 2011ರಲ್ಲಿ ಬೀಸ್ಟನ್ನಿನ ಕಾರ್ಖಾನೆ ಮುಚ್ಚಿದರೂ ಆ ಲೇತುಗಳು ಕೈಯಿಂದ ಕೈಗೆ ಸಾಗುತ್ತಲೇ ಇವೆ.

ನಮ್ಮ ನಾಡಿನಲ್ಲಿ ಮೊದಲು ಬಂದುದು ಕಾರ್ಖಾನೆ. ಮಹಾಯುದ್ಧದ ನಡುವೆ, 1941ರಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪಿತವಾಗಿ ಲೇತುಗಳನ್ನು ತಯಾರಿಸತೊಡಗಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಉದಯಿಸಿತು. ಇಂತಹ ಯಂತ್ರಗಳು ವಯಸ್ಸಾಗಿ ಬಿಕರಿಗೆ ಬಂದಾಗ, ಮನೆಗೆ ಹೊಂದಿದ ಷೆಡ್ಡಿನಲ್ಲಿ ಅವನ್ನು ನಿಲ್ಲಿಸಿದ ಟರ್ನರನಿಗೆ ಅದು ಹವ್ಯಾಸವಲ್ಲ, ಜೀವನೋಪಾಯ.

ಉದ್ದೇಶವು ಬೇರೆಯಾದರೂ ಯಂತ್ರದ ನಿಯಮ ಒಂದೇ: ತಯಾರಕನು ಕೊಟ್ಟ ನಿಖರತೆಯು ಲಾರಿಯೊಡನೆ ತಾನಾಗಿ ಬರುವುದಿಲ್ಲ. ನೆಲಕ್ಕೆ ಬೋಲ್ಟು ಬಿಗಿಯುವಾಗ ಕಾಲೊಂದು ಕೊಂಚ ಎತ್ತರವಾದರೂ ಬೆಡ್ಡು, ಎಂದರೆ ಲೇತಿನ ಉದ್ದನೆಯ ತಳಹಾಸು, ತಿರುಚಿಕೊಳ್ಳುತ್ತದೆ. ಆದುದರಿಂದ ಬೆಡ್ಡಿನ ಎರಡು ತುದಿಗಳಲ್ಲಿಯೂ ಅಡ್ಡಲಾಗಿ ಸೂಕ್ಷ್ಮವಾದ ಸ್ಪಿರಿಟ್ ಲೆವೆಲ್ ಇಟ್ಟು, ಕಾಲುಗಳ ಕೆಳಗೆ ತೆಳುತಗಡು ಸೇರಿಸಿ ಸಮಗೊಳಿಸಿದ ಬಳಿಕ, ದಪ್ಪನೆಯ ಸರಳೊಂದನ್ನು ತಿರುಗುವ ಹಿಡಿಕೆಯಾದ ಚಕ್ಕಿನಲ್ಲಿ ಮಾತ್ರ ಹಿಡಿಸಿ, ಇನ್ನೊಂದು ತುದಿಯ ಟೇಲ್‌ಸ್ಟಾಕಿನ ಆಸರೆಯಿಲ್ಲದೆ, ದೂರದೂರದ ಎರಡು ಕಡೆ ಒಂದೇ ಅಳತೆಯಲ್ಲಿ ಹಗುರಾಗಿ ಕಡೆದು ಮೈಕ್ರೋಮೀಟರಿನಿಂದ ಅಳೆಯುವರು. ವ್ಯಾಸಗಳು ಒಂದಾಗುವವರೆಗೆ ಟೇಲ್‌ಸ್ಟಾಕಿನ ಕಡೆಯ ಕಾಲನ್ನು ಏರಿಸಿ ಇಳಿಸುವರು. ಸವೆತಕ್ಕಾದರೋ ಈ ಉಪಾಯವು ಸಲ್ಲದು. ಹೆಚ್ಚಿನ ಕೆಲಸ ನಡೆಯುವುದು ಚಕ್ಕಿನ ಸಮೀಪದಲ್ಲಾದುದರಿಂದ ಬೆಡ್ಡು ಅಲ್ಲಿಯೇ ಹೆಚ್ಚು ಸವೆದಿರುತ್ತದೆ. ಅಲ್ಲಿ ಸಡಿಲ ತೆಗೆದು ಬಿಗಿಮಾಡಿದ ಕ್ಯಾರೇಜು, ಎಂದರೆ ಉಳಿಯ ಪೀಠ, ಟೇಲ್‌ಸ್ಟಾಕಿನ ಕಡೆಗೆ ಸರಿಸಿದಾಗ ಹಿಡಿದುಕೊಂಡರೆ ಗ್ರೈಂಡಿಂಗಿನ ಖರ್ಚು ಕಾದಿದೆಯೆಂದೇ ಅರ್ಥ.

ಸಲಕರಣೆಗಳಲ್ಲಿಯೂ ಇತಿಹಾಸದ ಗುರುತುಂಟು. ನಮ್ಮಲ್ಲಿ ಮೆಟ್ರಿಕ್ ಪದ್ಧತಿಗೆ 1956ರಲ್ಲಿ ಕಾನೂನು ಬಂದರೂ ಹಳೆಯ ಅನೇಕ ಲೇತುಗಳ ಲೀಡ್‌ಸ್ಕ್ರೂ, ಎಂದರೆ ಪೀಠವನ್ನು ನಡೆಸುವ ತಿರುಪು, ಅಂಗುಲದ್ದು. ಅದರಿಂದ ಮಿಲಿಮೀಟರಿನ ತಿರುಪುಮರೆಯನ್ನು ಕರಾರುವಾಕ್ಕಾಗಿ ಕೊರೆಯಲು 127 ಹಲ್ಲಿನ ಗೇರು ಬೇಕು; ಅಂಗುಲವೊಂದಕ್ಕೆ 25.4 ಮಿಲಿಮೀಟರಾಗಿರುವುದರಿಂದ ಅದರ ಐದುಪಟ್ಟು 127.

ಹಳೆಯ ಲೇತನ್ನು ಕೊಳ್ಳುವವರು ಹೊಸ ಬಣ್ಣಕ್ಕೆ ಮರುಳಾಗದೆ ಮೊದಲು ಬೆಡ್ಡನ್ನೂ ಆಮೇಲೆ ಗೇರುಗಳ ಪೆಟ್ಟಿಗೆಯನ್ನೂ ನೋಡತಕ್ಕದ್ದು. ಚಕ್ಕನ್ನು ಮುಂದೆ ಎಂದಾದರೂ ಕೊಳ್ಳಬಹುದು. ಸವೆದ ಬೆಡ್ಡಿಗೆ ಅಗ್ಗದ ಪರಿಹಾರವಿಲ್ಲ.