ಸಂಶಯದ ವ್ಯಾಪಾರ: ಸಿಗರೇಟು ಕಂಪೆನಿಗಳು ವಿಜ್ಞಾನವನ್ನು ಕಾವಲು ಕಾದ ಕಥೆ



ಹದೀಸ್ ಪಾಠದಲ್ಲಿ ಉಸ್ತಾದರು ಕಲಿಸಿದ್ದು ನಿಮಗೆ ನೆನಪಿರಬಹುದು. ಮಾತು ಏನೆಂದು ನೋಡಿದರೆ ಸಾಲದು. ಹೇಳಿದವರು ಯಾರು, ಅವರಿಗೆ ಅದು ಯಾರಿಂದ ಬಂತು, ಅವರು ನಂಬತಕ್ಕವರೇ ಎಂದೂ ಕೇಳಬೇಕು. ವಿಜ್ಞಾನದ ಹೆಸರಿನಲ್ಲಿ ಬರುವ ಮಾತಿಗೂ ಇದೇ ಪ್ರಶ್ನೆ ಹಾಕಬೇಕಾಗುತ್ತದೆ ಎಂಬುದನ್ನು ಅಮೆರಿಕದ ಸಿಗರೇಟು ಕಂಪೆನಿಗಳ ಇತಿಹಾಸದಲ್ಲಿ ಕಾಣಬಹುದು.

ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆಯೆಂದು 1950ರಲ್ಲಿಯೇ ಬ್ರಿಟನ್ ಮತ್ತು ಅಮೆರಿಕದ ಸಂಶೋಧಕರು ಬೇರೆ ಬೇರೆಯಾಗಿ ತೋರಿಸಿದ್ದರು. 1953ರಲ್ಲಿ ಅಮೆರಿಕದ ಅರ್ನ್‌ಸ್ಟ್ ವೈಂಡರ್ ಮತ್ತು ಸಂಗಡಿಗರು ಹೊಗೆಯಿಂದ ತೆಗೆದ ಟಾರನ್ನು ಇಲಿಗಳ ಚರ್ಮಕ್ಕೆ ಸವರಿದಾಗ ಗೆಡ್ಡೆಗಳೆದ್ದವು. ಕಂಪೆನಿಗಳು ನಡುಗಿದವು. ಅದೇ ಡಿಸೆಂಬರಿನಲ್ಲಿ ಅವುಗಳ ಮುಖ್ಯಸ್ಥರು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಸೇರಿದರು. ಅವರು ಸಲಹೆಗೆ ಗೊತ್ತುಮಾಡಿಕೊಂಡದ್ದು ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಸಂಸ್ಥೆಯನ್ನು, ವೈದ್ಯರನ್ನಲ್ಲ!

1954ರ ಜನವರಿ 4ರಂದು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಪುಟ ತುಂಬಾ ಒಂದು ಜಾಹೀರಾತು ಬಂತು. ಜನರ ಆರೋಗ್ಯವೇ ತಮಗೆ ಎಲ್ಲಕ್ಕಿಂತ ಮುಖ್ಯ, ಅದಕ್ಕಾಗಿ ಸಂಶೋಧನಾ ಸಮಿತಿಯೊಂದನ್ನು ಸ್ಥಾಪಿಸುತ್ತೇವೆ ಎಂದು ಕಂಪೆನಿಗಳು ಮಾತು ಕೊಟ್ಟವು. ಸಮಿತಿಯ ವೈಜ್ಞಾನಿಕ ನಿರ್ದೇಶಕರಾಗಿ ಬಂದ ಕ್ಲಾರೆನ್ಸ್ ಕುಕ್ ಲಿಟಲ್ ಸಣ್ಣ ಮನುಷ್ಯರಲ್ಲ. ಹೆಸರಾಂತ ತಳಿವಿಜ್ಞಾನಿ, ಮಿಷಿಗನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದವರು. ಕ್ಯಾನ್ಸರಿಗೆ ವಂಶವಾಹಿಯೇ ಮೂಲ ಎಂದು ಅವರು ನಂಬಿದ್ದರು. ಕಂಪೆನಿಗಳಿಗೆ ಬೇಕಾಗಿದ್ದುದೂ ಅದೇ. 1964ರಲ್ಲಿ ಸಮಿತಿಯ ಹೆಸರು ತಂಬಾಕು ಸಂಶೋಧನಾ ಮಂಡಳಿ ಎಂದು ಬದಲಾಯಿತು.

ಈ ಮಂಡಳಿಯ ಹಣದಿಂದ ಒಳ್ಳೆಯ ಸಂಶೋಧನೆಯೂ ನಡೆಯಿತೆಂಬುದನ್ನು ಮರೆಮಾಚಬಾರದು. ಆದರೆ ಅದರಲ್ಲಿ ಬಹುಪಾಲು ಸಿಗರೇಟು ಜನರನ್ನು ಕೊಲ್ಲುತ್ತದೆಯೇ ಎಂಬ ಪ್ರಶ್ನೆಯ ಹತ್ತಿರಕ್ಕೂ ಹೋಗಲಿಲ್ಲ. ಇನ್ನು 'ವಿಶೇಷ ಯೋಜನೆ'ಗಳೆಂಬ ಪ್ರತ್ಯೇಕ ಬಾಬತ್ತಿತ್ತು. ಅದರಲ್ಲಿ ಯಾರಿಗೆ ಹಣ ಕೊಡಬೇಕೆಂದು ಆರಿಸುತ್ತಿದ್ದವರು ಕಂಪೆನಿಗಳ ವಕೀಲರು. ಪ್ರಯೋಗಶಾಲೆಯಲ್ಲಿ ಯಾವ ಪ್ರಶ್ನೆ ಕೇಳಬೇಕೆಂಬುದನ್ನು ವಕೀಲರು ತೀರ್ಮಾನಿಸಿದರೆ ಅದು ಮೊಕದ್ದಮೆಯ ತಯಾರಿಯೇ ಹೊರತು ವಿಜ್ಞಾನವಲ್ಲ. 1969ರ ಒಂದು ಕಂಪೆನಿ ಟಿಪ್ಪಣಿಯಲ್ಲಂತೂ, ನಾವು ತಯಾರಿಸುವ ಸರಕು ಸಂಶಯ ಎಂದೇ ಬರೆದಿದ್ದಾರೆ.

ವಿಕ್ಟರ್ ಡಿನೋಬಲ್ ಎಂಬ ಯುವ ವಿಜ್ಞಾನಿಗೆ ಆದದ್ದನ್ನು ಕೇಳಿ. 1980ರಲ್ಲಿ ಫಿಲಿಪ್ ಮೋರಿಸ್ ಕಂಪೆನಿ ಅವರನ್ನು ರಿಚ್ಮಂಡಿನ ತನ್ನ ಪ್ರಯೋಗಶಾಲೆಗೆ ಸೇರಿಸಿಕೊಂಡಿತು. ಹೃದಯಕ್ಕೆ ಹಾನಿ ಮಾಡದ, ಆದರೆ ನಿಕೋಟಿನಿನಂತೆಯೇ ಮಿದುಳಿಗೆ ನಾಟುವ ವಸ್ತುವನ್ನು ಹುಡುಕುವುದು ಅವರ ಕೆಲಸ. ಅವರೂ ಸಹೋದ್ಯೋಗಿ ಪಾಲ್ ಮೀಲೆಯೂ ಇಲಿಗಳ ಮುಂದೆ ಸನ್ನೆಕೋಲು ಇಟ್ಟರು. ಅದನ್ನು ಒತ್ತಿದರೆ ರಕ್ತಕ್ಕೆ ನಿಕೋಟಿನ್ ಸೇರುತ್ತಿತ್ತು. ಇಲಿಗಳು ಮತ್ತೆ ಮತ್ತೆ ಒತ್ತಿದವು. ನಿಕೋಟಿನ್ ಚಟ ಹಿಡಿಸುವ ವಸ್ತುಗಳ ಗುಣ ತೋರುತ್ತದೆಯೆಂಬುದಕ್ಕೆ ಕಂಪೆನಿಯ ಸ್ವಂತ ಮನೆಯಲ್ಲೇ ಸಾಕ್ಷಿ ಸಿಕ್ಕಿತು. ವೈಜ್ಞಾನಿಕ ಪತ್ರಿಕೆಗೆ ಕಳುಹಿಸಿದ್ದ ಪ್ರಬಂಧವನ್ನು 1983ರಲ್ಲಿ ಹಿಂದೆಗೆಯಬೇಕಾಯಿತು. 1984ರಲ್ಲಿ ಪ್ರಯೋಗಶಾಲೆಗೇ ಬೀಗ ಬಿತ್ತು. ಗುಟ್ಟು ಬಿಡುವುದಿಲ್ಲವೆಂಬ ಕರಾರಿಗೆ ಸಹಿ ಹಾಕಿದ್ದ ಡಿನೋಬಲ್ ಹತ್ತು ವರ್ಷ ಬಾಯಿ ಕಟ್ಟಿಸಿಕೊಂಡು ಕುಳಿತರು.

1994ರ ಏಪ್ರಿಲ್ 14ರಂದು ಏಳು ಕಂಪೆನಿಗಳ ಮುಖ್ಯಸ್ಥರು ಅಮೆರಿಕದ ಸಂಸತ್ ಸಮಿತಿಯ ಮುಂದೆ ಬಲಗೈಯೆತ್ತಿ ಪ್ರಮಾಣ ಮಾಡಿದರು. ನಿಕೋಟಿನ್ ಚಟ ಹಿಡಿಸುತ್ತದೆಂದು ತಾವು ನಂಬುವುದಿಲ್ಲ ಎಂದು ಒಬ್ಬೊಬ್ಬರಾಗಿ ನುಡಿದರು. ಎರಡು ವಾರಗಳ ಬಳಿಕ ಅದೇ ಸಮಿತಿಯ ಮುಂದೆ ಡಿನೋಬಲ್ ಬಂದು ಇಲಿಗಳ ಕಥೆ ಹೇಳಿದರು. ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಪ್ರೊಫೆಸರ್ ಸ್ಟಾಂಟನ್ ಗ್ಲಾಂಟ್ಸ್ ಅವರಿಗೆ ಹೆಸರಿಲ್ಲದವರಿಂದ ಕಂಪೆನಿಯೊಂದರ ಸಾವಿರಾರು ಪುಟಗಳ ಗುಪ್ತ ಕಾಗದಗಳು ತಲುಪಿದವು. ನಿಕೋಟಿನ್ ಚಟ ಹಿಡಿಸುತ್ತದೆ, ನಾವು ಮಾರುತ್ತಿರುವುದು ಅದನ್ನೇ ಎಂದು 1963ರಲ್ಲಿಯೇ ಆ ಕಂಪೆನಿಯ ವಕೀಲರು ಬರೆದಿದ್ದರು. 1998ರ ಒಪ್ಪಂದದಂತೆ ಸಂಶೋಧನಾ ಮಂಡಳಿ ಮುಚ್ಚಿತು.

ನಮ್ಮ ಸಮುದಾಯಕ್ಕೂ ಈ ಕಾಗದಗಳಲ್ಲಿ ಜಾಗ ಇದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಅವುಗಳನ್ನು ಶೋಧಿಸಿದ ವಿದ್ವಾಂಸರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1970ರ ದಶಕದಿಂದಲೇ ಕಂಪೆನಿಗಳು ಇಸ್ಲಾಮಿನ ನಿಲುವನ್ನು ತಮ್ಮ ವ್ಯಾಪಾರಕ್ಕೆ ಬೆದರಿಕೆಯೆಂದು ಎಣಿಸಿದ್ದವು. ಧರ್ಮ ಬಲ್ಲ ಸಲಹೆಗಾರರನ್ನು ಹುಡುಕಿ ನೇಮಿಸಿಕೊಂಡವು. ಆರೋಗ್ಯದ ಸಾಕ್ಷ್ಯ ದುರ್ಬಲವೆಂದು ಬಿಂಬಿಸಿದವು. ಧೂಮಪಾನವನ್ನು ವಿರೋಧಿಸಿದ ಮುಸ್ಲಿಮರಿಗೆ ಮತಾಂಧರೆಂಬ ಪಟ್ಟ ಕಟ್ಟಲು ನೋಡಿದವು. ಪ್ರಯೋಗಶಾಲೆಗೆ ಮಾಡಿದ್ದನ್ನೇ ಫತ್ವಾಕ್ಕೂ ಮಾಡಲು ಹೊರಟಿದ್ದರೆಂದಾಯಿತು!

2006ರಲ್ಲಿ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ಸಾವಿರದ ಆರುನೂರಕ್ಕೂ ಹೆಚ್ಚು ಪುಟಗಳ ತೀರ್ಪಿನಲ್ಲಿ, ಕಂಪೆನಿಗಳು ದಶಕಗಳ ಕಾಲ ಜನರನ್ನು ವಂಚಿಸಿದವೆಂದು ಸಾರಿದರು. ತಿದ್ದುಪಡಿ ಹೇಳಿಕೆಗಳನ್ನು ಪ್ರಕಟಿಸಲು ಆಜ್ಞೆಯಾಯಿತು. ಅದರ ಪದಪದಕ್ಕೂ ಕಂಪೆನಿಗಳು ಕೋರ್ಟಿನಲ್ಲಿ ಜಗ್ಗಾಡಿ ಹನ್ನೊಂದು ವರ್ಷ ಎಳೆದವು. ಕೊನೆಗೆ 2017ರ ನವೆಂಬರಿನಲ್ಲಿ, ಮೊದಲ ಜಾಹೀರಾತು ಬಂದು 63 ವರ್ಷಗಳು ಕಳೆದ ಮೇಲೆ, ಅಮೆರಿಕದ ಪತ್ರಿಕೆಗಳಲ್ಲಿ ಅವರದೇ ಖರ್ಚಿನಲ್ಲಿ ಮತ್ತೊಂದು ಜಾಹೀರಾತು ಅಚ್ಚಾಯಿತು. ಧೂಮಪಾನದಿಂದ ದಿನವೊಂದಕ್ಕೆ ಸರಾಸರಿ 1,200 ಅಮೆರಿಕನ್ನರು ಸಾಯುತ್ತಾರೆ ಎಂದು ಅದರಲ್ಲಿತ್ತು.